ಸದ್ದು ಮಾಡುವ ರೆಕ್ಕೆ

ಅತ್ತಿಗೆ,

ಮೊದಲು ವಿಷಯ, ಆಮೇಲೆ ವಿವರ. ಹೆಡ್‌ಮೇಷ್ಟ್ರ ರೆಕ್ಕೆ ಕೆಟ್ಟಿರಲಿಲ್ಲ. ನೀವೂ ಕೆಡಿಸಿರಲಿಲ್ಲ. ನಿನ್ನೆ ಅವರನ್ನು ಕೆರೆಯ ಬಳಿ ಬಿಟ್ಟು ಬಂದೆವು.

ಗಾಳಿಗೆ ಮುರಿದ ಮರದ ಪೊಟರೆಯಿಂದ ಬಿದ್ದ ಆ ಮರಿಯನ್ನು ನೀವು ಹಕ್ಕಿಗಳ ಆರೈಕೆ ಕೇಂದ್ರಕ್ಕೆ ತಂದ ದಿನ ನಾನೂ ಅಲ್ಲಿದ್ದೆ. ಅಲ್ಲಿದ್ದ ಬೇರೆ ಗೂಬೆಗಳ ಕಾಲಿನ ತುಂಬ ಪುಕ್ಕ, ಇದರದ್ದು ಬೋಳುಗಾಲು. "ಪ್ಯಾಂಟು ಹಾಕೋದು ಮರೆತು ಶಾಲೆಗೆ ಬಂದ ಹೆಡ್‌ಮೇಷ್ಟ್ರು ಇದ್ದಂಗಿದೆ" ಅಂದಿರಿ. ಅದೇ ಹೆಸರಾಯಿತು. ಇಲಿ ಕೊಟ್ಟರೆ ಮುಖ ತಿರುಗಿಸಿ, ಏಡಿ ಕಂಡೊಡನೆ ಮುಂದೆ ಬಂದಾಗಲೇ ಇದು ಮೀನುಗೂಬೆ ಎಂದು ಗೊತ್ತಾದದ್ದು. ತೊಟ್ಟಿಯಲ್ಲಿ ಮೊದಲ ಮೀನು ಹಿಡಿದಾಗ ಅಣ್ಣನಿಗಿಂತ ಮೊದಲು ನನಗೆ ಫೋನ್ ಮಾಡಿದಿರಿ. ಅಂಗಾಲಿನ ತುಂಬ ಮುಳ್ಳಿದೆ, ಮೀನು ಜಾರೋದೇ ಇಲ್ಲ ಎಂದು ಹಿಗ್ಗಿದಿರಿ.

ಆಮೇಲೆ ಹಾರಾಟದ ಪರೀಕ್ಷೆ. ಉದ್ದನೆಯ ಪಂಜರದಲ್ಲಿ ಗೂಬೆಯನ್ನು ಹಾರಿಸುವುದು, ಹಕ್ಕಿ ಡಾಕ್ಟರು ಬೆನ್ನು ತಿರುಗಿಸಿ ನಿಂತು ಕಿವಿಗೊಡುವುದು ಕೇಂದ್ರದ ರೂಢಿ. ರೆಕ್ಕೆ ಸದ್ದು ಮಾಡಿದರೆ ಇಲಿ ಓಡಿಹೋಗುತ್ತದೆ, ಹಾಗಾಗಿ ಸದ್ದು ಕೇಳಿಸಿದರೆ ಫೇಲು. ಹೆಡ್‌ಮೇಷ್ಟ್ರು ಒದ್ದೆ ಬಟ್ಟೆ ಒದರಿದಂತೆ ಸದ್ದು ಮಾಡುತ್ತ ಹಾರಿದರು. ಕಂಬಿಗೆ ಉಜ್ಜಿ ಗರಿಯ ಅಂಚು ಹಾಳಾಗಿದೆ, ಇನ್ನು ಪಂಜರವೇ ಗತಿ ಎಂದರು ಡಾಕ್ಟರು. ಚಿಕ್ಕ ಪಂಜರದಲ್ಲಿ ಸಾಕಿದ್ದು ನೀವು. ಸೊಂಟದ ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗಲೂ ನಿಮ್ಮದು ಅದೇ ಮಾತು: "ನನ್ನ ಕೈಯಾರೆ ಹಾಳ್ಮಾಡ್ದೆ ಕಣೋ."

ಮೊನ್ನೆ ಸಂಜೆ ಹೆಡ್‌ಮೇಷ್ಟ್ರ ಊಟಕ್ಕೆ ಮೀನು ಹಿಡಿಯಲು ಡಾಕ್ಟರ ಜೊತೆ ಕೆರೆಗೆ ಹೋಗಿದ್ದೆ. ದಡದ ಮರದಿಂದ ಇನ್ನೊಂದು ಮೀನುಗೂಬೆ, ಮನುಷ್ಯರ ಕೈ ಸೋಕದ್ದು, ಹಾರಿ ಬಂದು ನೀರಿನ ಮೇಲಿಂದ ಮೀನು ಎತ್ತಿಕೊಂಡು ಹೋಯಿತು. ಅದೇ ಒದ್ದೆ ಬಟ್ಟೆಯ ಸದ್ದು. ಡಾಕ್ಟರು ಬಲೆ ಹಿಡಿದುಕೊಂಡೇ ನಿಂತುಬಿಟ್ಟರು. ನೀರಿನೊಳಗಿನ ಮೀನಿಗೆ ರೆಕ್ಕೆಯ ಸದ್ದು ಎಲ್ಲಿ ಕೇಳಿಸಬೇಕು? ಸದ್ದಡಗಿಸುವ ಮೆತ್ತನೆಯ ಅಂಚು ಈ ಜಾತಿಯ ಗರಿಗೆ ಹುಟ್ಟಿನಿಂದಲೇ ಇಲ್ಲ. ಪುಸ್ತಕ ತೆಗೆದು ಖಚಿತಪಡಿಸಿಕೊಂಡೆವು. "ಇಲಿ ಹಿಡಿಯೋರ ಪರೀಕ್ಷೆಲಿ ಮೀನು ಹಿಡಿಯೋರನ್ನ ಫೇಲ್ ಮಾಡ್ಬಿಟ್ಟೆ. ನಿಮ್ಮ ಅತ್ತಿಗೆಗೆ ಯಾವ ಮುಖ ಇಟ್ಕೊಂಡು ಹೇಳ್ಲಿ, ನೀವೇ ಬರೀರಿ" ಎಂದರು ಡಾಕ್ಟರು.

ನಿನ್ನೆ ಕೆರೆಯ ದಡದಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದಾಗ ಹೆಡ್‌ಮೇಷ್ಟ್ರು ನೇರ ತೆಳುನೀರಿಗೆ ಇಳಿದು ನಾಲ್ಕು ಹೆಜ್ಜೆ ಹಾಕಿದರು. ಪ್ಯಾಂಟು ಯಾಕಿಲ್ಲ ಎಂದು ಆಗ ಅರ್ಥವಾಯಿತು. ಮತ್ತೆ ಮೇಲೆದ್ದರು, ಅಷ್ಟೇ ಸದ್ದು ಮಾಡುತ್ತ. ಆ ಸದ್ದು ನಿಮಗೂ ಕೇಳಿಸಬೇಕಿತ್ತು.

ನಾಳೆಯಿಂದ ನಿಮ್ಮನ್ನು ವಾಕರ್ ಹಿಡಿಸಿ ನಡೆಸುತ್ತಾರಂತೆ. ಟಕಟಕ ಸದ್ದಾಗುತ್ತದೆ, ನಾಚಿಕೊಳ್ಳಬೇಡಿ. ಇವತ್ತು ನಿಮಗೆ ನೆಮ್ಮದಿಯ ನಿದ್ದೆ ಬರಲಿ.

ನಿಮ್ಮ ಹಾದಿ ಕಾಯುತ್ತಿರುವ,
ಮೈದುನ