ಹದಿನಾಲ್ಕನೆಯ ಪ್ರಶ್ನೆ

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದಗಳು. ‘ನಾನು ಇಲ್ಲಿ ಕ್ಷೇಮ’ ಎಂಬ ವಾಕ್ಯವನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ. ಸುಳ್ಳಿನಿಂದ ಆರಂಭಿಸಿದ ಪತ್ರದಲ್ಲಿ ಕೊನೆಯ ಸಾಲಿನವರೆಗೂ ಆ ಸುಳ್ಳನ್ನೇ ಸಾಕಬೇಕಾಗುತ್ತದೆ.

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ನಾನು ಇಟ್ಟುಬಿಟ್ಟೆ. ಸಿಟ್ಟೆಂದು ತಿಳಿದಿರುತ್ತೀಯೆ, ಸಿಟ್ಟಲ್ಲ. ಈ ಊರಿನ ರಸ್ತೆಯ ಬಗ್ಗೆ ಸೋಮವಾರ ನಡೆಯುವ ವಿಚಾರಣೆಯಲ್ಲಿ ನೀನು ಕೊಡಬೇಕೆಂದಿರುವ ಹೇಳಿಕೆ ನನ್ನ ಬಾಯಿ ಕಟ್ಟಿಹಾಕಿತು. ರಸ್ತೆಯ ಅರ್ಜಿ ಬಂದ ಕಾಲಕ್ಕೆ ಆ ಜೌಗಿನಲ್ಲಿ ಚಾಪೆ ಹೆಣೆಯಲು ಜೊಂಡು ಕೊಯ್ಯುವವರು ಯಾರೂ ಇರಲಿಲ್ಲ, ಅವರೆಲ್ಲ ಆಮೇಲೆ ಬಂದು ಸೇರಿಕೊಂಡವರು: ಇದು ನಿನ್ನ ಮೇಲಧಿಕಾರಿ ಟೈಪು ಮಾಡಿಸಿಟ್ಟ ಹೇಳಿಕೆ. ನೀನು ರುಜು ಹಾಕಿದರೆ ಸಾಕು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವ ನಿನ್ನ ಕೆಲಸ ಉಳಿಯುತ್ತದೆ. "ನಿನ್ನ ಹೆಸರು ಎಲ್ಲೂ ಬರಲ್ಲ ಅಕ್ಕಾ, ನೀನು ತಲೆ ಕೆಡಿಸ್ಕೋಬೇಡ" ಎಂದೆಯಲ್ಲ, ಆ ಮಾತಿಗೆ ಈ ಪತ್ರವೇ ನನ್ನ ಉತ್ತರ.

ಈ ಪತ್ರವನ್ನು ನಿನ್ನೊಬ್ಬಳಿಗಾಗಿಯೇ ಬರೆಯುತ್ತಿಲ್ಲ. ಇದರದೊಂದು ಪ್ರತಿಯನ್ನು ವಿಚಾರಣಾಧಿಕಾರಿಗೂ ಕಳಿಸುತ್ತೇನೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡ.

ಮೂರು ವರ್ಷದ ಹಿಂದೆ, ಊರಿನಿಂದ ಹೆದ್ದಾರಿಗೆ ಜೌಗಿನ ನಡುವೆ ಮಣ್ಣು ಏರಿಸಿ ರಸ್ತೆ ಮಾಡುವುದೆಂದಾಯಿತು. ಮಂಜೂರಾತಿಗೆ ಮೊದಲು ಒಂದು ನಮೂನೆ ತುಂಬಿ ನಿನ್ನ ಕಚೇರಿಗೆ ಕಳಿಸಬೇಕಾಗಿತ್ತು. ಯೋಜನೆಯಿಂದ ನೀರಿಗೆ, ನೆಲಕ್ಕೆ, ಜನಕ್ಕೆ ಕೇಡಾಗುವುದೇ ಎಂದು ಮುಂಚಿತವಾಗಿ ಪರೀಕ್ಷಿಸುವ ನಮೂನೆ. ಮೂವತ್ತೆರಡು ಪ್ರಶ್ನೆಗಳು. ಪ್ರತಿಯೊಂದರ ಮುಂದೆ ಮೂರು ಕಾಲಂ: ಹೌದು, ಇಲ್ಲ, ಗೊತ್ತಿಲ್ಲ. ಬಲಬದಿಗೆ ವಿವರಣೆಗೆ ಒಂದಿಷ್ಟು ಜಾಗ. ಗ್ರಾಮ ಸಮಿತಿಯ ಕಾರ್ಯದರ್ಶಿಯಾಗಿ ಅದನ್ನು ತುಂಬುವ ಹೊಣೆ ನನ್ನದು. ನನ್ನನ್ನು ಆ ಹುದ್ದೆಗೆ ಆರಿಸಿದ್ದೇ ಅಕ್ಷರ ಚೆನ್ನಾಗಿದೆಯೆಂದು. "ಮೇಡಂ, ನಿಮ್ಮ ಅಕ್ಷರ ನೋಡಿದ್ರೆ ಸಾಕು, ಮೇಲಿನವರು ಓದೋದೇ ಇಲ್ಲ, ನೇರ ಮಂಜೂರು!" ಎಂದು ಸಮಿತಿಯ ಅಧ್ಯಕ್ಷರು ನಕ್ಕರು. ರಸ್ತೆಗೆ ನನ್ನ ಹೆಸರನ್ನೇ ಇಡುವುದಾಗಿಯೂ ಚೇಷ್ಟೆ ಮಾಡಿದರು. ನಾನು ನಕ್ಕು ತಳ್ಳಿಹಾಕಿದೆ.

ಗ್ರಾಮ ಕಚೇರಿಯ ಆ ಕೋಣೆಯನ್ನು ನೀನು ನೋಡಿಲ್ಲ. ಒಂದು ಕಾಲು ಕುಂಟುವ ಮೇಜು, ಅದರಡಿಗೆ ಮಡಿಸಿಟ್ಟ ಹಳೆಯ ಸುತ್ತೋಲೆ, ತಿರುಗುವಾಗಲೆಲ್ಲ ಕೀಲು ನರಳುವ ಫ್ಯಾನು. ರಸ್ತೆ ಕೆಲಸದ ಇಂಜಿನಿಯರು ಪಕ್ಕದಲ್ಲಿ ನಿಂತು, "ಆ ಮೂರನೇ ಕಾಲಂ ಮಾತ್ರ ಮುಟ್ಬೇಡಿ ಮೇಡಂ. ಒಂದೇ ಒಂದು ‘ಗೊತ್ತಿಲ್ಲ’ ಬಿದ್ರೂ ಆಫೀಸರು ಜಾಗ ನೋಡೋಕೆ ಬರ್ಬೇಕು, ಜನರ ಹತ್ರ ಮಾತಾಡ್ಬೇಕು. ಅಷ್ಟರಲ್ಲಿ ಮಳೆಗಾಲ. ಈ ವರ್ಷದ ರಸ್ತೆ ಮುಂದಿನ ವರ್ಷಕ್ಕೆ" ಎಂದರು.

ಅವರು ಹೇಳಬೇಕಾಗಿಯೇ ಇರಲಿಲ್ಲ. ಮೂವತ್ತಾರು ವರ್ಷ ನನ್ನ ತರಗತಿಯಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಜಾಗವಿರಲಿಲ್ಲ. ತಪ್ಪಾದರೂ ಉತ್ತರಿಸಬೇಕು, ಅದೂ ಪೂರ್ಣ ವಾಕ್ಯದಲ್ಲಿ. ನೀನು ನನ್ನ ತಂಗಿಯೆಂದು ನಿನಗೇನೂ ರಿಯಾಯಿತಿ ಕೊಡಲಿಲ್ಲ. ಮೂರನೆಯ ತರಗತಿಯಲ್ಲಿ ಒಮ್ಮೆ ‘ಗೊತ್ತಿಲ್ಲ ಟೀಚರ್’ ಎಂದಿದ್ದಕ್ಕೆ ನೀನು ಮಧ್ಯಾಹ್ನದ ಗಂಟೆಯವರೆಗೆ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಮನೆಗೆ ಬಂದ ಮೇಲೆ ನಾನು ನಿನ್ನ ತಲೆ ಬಾಚಿ ಜಡೆ ಹೆಣೆಯುವಾಗ, "ಈಗ ನೀನು ಅಕ್ಕಾನಾ, ಟೀಚರಾ?" ಎಂದು ಕನ್ನಡಿಯಲ್ಲಿ ನೋಡುತ್ತ ಕೇಳಿದ್ದೆ.

ಹದಿನಾಲ್ಕನೆಯ ಪ್ರಶ್ನೆ ಹೀಗಿತ್ತು: ‘ಈ ಜಾಗದ ನೀರು, ಹುಲ್ಲು ಅಥವಾ ಮಣ್ಣನ್ನು ನಂಬಿ ಬದುಕುವ ಕುಟುಂಬಗಳಿಗೆ ಯೋಜನೆಯಿಂದ ತೊಂದರೆಯಾಗುವುದೇ? ಆಗುವುದಾದರೆ ಕುಟುಂಬಗಳ ಸಂಖ್ಯೆ ಎಷ್ಟು?’ ‘ಇಲ್ಲ’ ಎಂಬ ಕಾಲಮಿನಲ್ಲಿ ಗುರುತು ಹಾಕಿದ್ದರೆ ಸಾಕಿತ್ತು. ನಾನು ಅಷ್ಟಕ್ಕೇ ಬಿಡಲಿಲ್ಲ. ವಿವರಣೆಯ ಜಾಗ ಖಾಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ‘ಅಂಥ ಕುಟುಂಬಗಳು ಇಲ್ಲಿ ಇರುವುದಿಲ್ಲ’ ಎಂದು ಪೂರ್ಣ ವಾಕ್ಯದಲ್ಲಿ, ದುಂಡಾಗಿ ಬರೆದೆ.

ಜೌಗಿನ ಅಂಚಿನಲ್ಲಿ ಚಾಪೆ ಹೆಣೆಯುವವರ ಮನೆಗಳಿದ್ದುದನ್ನು ನಾನು ನೋಡದೆ ಇರಲಿಲ್ಲ. ಆದರೆ ರಸ್ತೆ ಹೋಗುವುದು ನಡುವಿನ ಒಂದು ಪಟ್ಟಿಯಲ್ಲಿ. ಎರಡೂ ಬದಿಯಲ್ಲಿ ಬೇಕಾದಷ್ಟು ಜೊಂಡು ಉಳಿಯುತ್ತದೆಂದು ಭಾವಿಸಿದೆ. ನೀರಿನ ಓಡಾಟ ನಿಂತರೆ ಅದು ಸಾಯುತ್ತದೆಂಬುದನ್ನು ಪಾಠ ಹೇಳಿಕೊಂಡಿದ್ದ ನಾನು ಬಲ್ಲೆನೆ? ಬಲ್ಲೆನೋ ಇಲ್ಲವೋ ಎಂದು ಅನುಮಾನಿಸುವುದಕ್ಕೇ ಮೂರನೆಯ ಕಾಲಂ ಇತ್ತು. ಅದನ್ನು ಮುಟ್ಟುವುದು ನನ್ನ ಅಹಂಕಾರಕ್ಕೆ ಒಗ್ಗಲಿಲ್ಲ. ನನ್ನ ತಪ್ಪು ಇದು, ಇಷ್ಟು.

ನಿನ್ನ ತಪ್ಪು ಇದಕ್ಕಿಂತ ಸಣ್ಣದು, ಅದಕ್ಕೂ ನಾನೇ ಕಾರಣ. ನಮೂನೆ ಕೈಸೇರಿದ ದಿನ ನೀನು ಫೋನು ಮಾಡಿದೆ. "ಅಕ್ಕಾ, ಹದಿನಾಲ್ಕು ಇನ್ನೊಂದ್ಸಲ ನೋಡ್ತೀಯಾ? ಜೌಗಿನ ಮೇಲೆ ಹೋಗೋ ರಸ್ತೆ. ನಾನೇ ಒಂದಿನ ಬಂದು ನೋಡಿ ಹೋಗ್ಲಾ?" ಎಂದೆ. "ಯಾಕಮ್ಮಾ, ಅಕ್ಕನ ಉತ್ತರಪತ್ರಿಕೆಗೇ ಮರುಮೌಲ್ಯಮಾಪನನಾ?" ಎಂದೆ ನಾನು. ನೀನು ನಕ್ಕು, "ಅಯ್ಯೋ, ಇಲ್ಲ ಟೀಚರ್" ಎಂದೆ. ಟೀಚರ್ ಎಂದೆ, ಅಕ್ಕ ಎನ್ನಲಿಲ್ಲ. ಮರುದಿನ ನೀನು ‘ಸ್ಥಳ ಭೇಟಿಯ ಅಗತ್ಯವಿಲ್ಲ’ ಎಂದು ಬರೆದು ರುಜು ಹಾಕಿದೆ.

ತೊಂದರೆಗೊಳಗಾಗುವವರು ಯಾರೂ ಇಲ್ಲವಾದ್ದರಿಂದ ನೀರಿನ ದಾರಿಯನ್ನು ಯಾರೂ ಅಳೆಯಲಿಲ್ಲ. ಅಷ್ಟುದ್ದದ ಏರಿಗೆ ಎರಡೇ ಪೈಪು ಹಾಕಿದರು. ಮೊದಲ ಮಳೆಗೆ ಅವು ಹೂಳು ತುಂಬಿ ಕಟ್ಟಿಕೊಂಡವು. ಈಗ ರಸ್ತೆಯ ಮೇಲ್ಬದಿಯಲ್ಲಿ ನೀರು ನಿಂತು ಕಪ್ಪಾಗಿದೆ. ಜೊಂಡು ಬುಡದಿಂದ ಕೊಳೆತು, ಹಿಡಿದೆಳೆದರೆ ಕೈಗೆ ಲೋಳೆಯಾಗಿ ಬರುತ್ತದೆ. ಕೆಳಬದಿ ಒಣಗಿ, ಬಿರುಕಿನಲ್ಲಿ ನನ್ನ ಕೊಡೆ ಅರ್ಧದವರೆಗೆ ಇಳಿಯಿತು. ಬಸ್ಸು ಮಾತ್ರ ದಿನಕ್ಕೆ ನಾಲ್ಕು ಸಲ ಬರುತ್ತದೆ. ಅದನ್ನು ಹತ್ತಿ ಊರು ಬಿಟ್ಟವರಲ್ಲಿ ಹೆಚ್ಚಿನವರು ಚಾಪೆಯವರೇ. ಹನ್ನೊಂದು ಮನೆಗಳಲ್ಲಿ ಏಳಕ್ಕೆ ಬೀಗ. ಇಟ್ಟಿಗೆ ಗೂಡಿಗೆ ಹೋದರೆಂದು ಕೆಲವರು, ಕಟ್ಟಡದ ಕೆಲಸಕ್ಕೆಂದು ಕೆಲವರು ಹೇಳುತ್ತಾರೆ.

ಉಳಿದ ನಾಲ್ಕು ಮನೆಗಳಲ್ಲಿ ಒಂದು ನಿನ್ನ ಸಹಪಾಠಿ ಒದ್ದೆಕಾಲಿಯದು. ಆ ಅಡ್ಡಹೆಸರು ಇಟ್ಟವರು ನೀವು ಮಕ್ಕಳೇ. ಬೆಳಗಿನ ಜಾವ ತಾಯಿಯೊಡನೆ ಜೊಂಡು ಕೊಯ್ದು ನೇರ ಶಾಲೆಗೆ ಬರುತ್ತಿದ್ದಳು. ನೆಲದ ಮೇಲೆ ಬಾಗಿಲಿನಿಂದ ಅವಳ ಜಾಗದವರೆಗೆ ಒದ್ದೆ ಹೆಜ್ಜೆಗಳು. ಕಾಲು ಒಣಗುವವರೆಗೆ ನಾನು ಅವಳನ್ನು ಹೊಸ್ತಿಲ ಆಚೆ ನಿಲ್ಲಿಸುತ್ತಿದ್ದೆ. ಅಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ನಾಲ್ಕನೆಯ ತರಗತಿಗೆ ಅವಳು ಬರಲೇ ಇಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಒಂದು ಕಾಗದ ಹಿಡಿದು ಮನೆಗೆ ಬಂದಳು. "ಟೀಚರ್, ಇದ್ರಲ್ಲಿ ಏನಿದೆ ಓದಿ ಹೇಳಿ. ಎಲ್ಲಾ ಕಡೆ ತಿರುಗಿ ಆಯ್ತು, ಒಬ್ಬೊಬ್ರು ಒಂದೊಂದು ಹೇಳ್ತಾರೆ" ಎಂದಳು. ಪರಿಹಾರ ಕೇಳಿ ಅವರು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಕಾರಣ, ಉದ್ಧರಣ ಚಿಹ್ನೆಗಳ ನಡುವೆ ನನ್ನದೇ ವಾಕ್ಯ. ಗ್ರಾಮ ಸಮಿತಿಯೇ ‘ಅಂಥ ಕುಟುಂಬಗಳು ಇಲ್ಲಿ ಇರುವುದಿಲ್ಲ’ ಎಂದು ಲಿಖಿತವಾಗಿ ತಿಳಿಸಿರುವುದರಿಂದ ಅರ್ಜಿದಾರರನ್ನು ಪರಿಗಣಿಸಲಾಗದು. ಒಂದು ಅಕ್ಷರವೂ ಬಿಡದೆ ಓದಿದೆ.

"ಹಂಗಂದ್ರೆ?" ಎಂದಳು.

ನೀವು ಇಲ್ಲ ಎಂದು ಅರ್ಥ, ಎಂದೆ.

"ಇಲ್ಲ ಅಂದ್ರೆ? ಮತ್ತೆ ಇಲ್ಲಿ ನಿಂತಿರೋಳು ಯಾರು ಟೀಚರ್, ದೆವ್ವಾನಾ?" ಎಂದು ನಕ್ಕಳು. ಆ ನಗು ಮುಗಿಯುವ ಮೊದಲೇ ಕೇಳಿದಳು: "ಯಾರು ಬರ್ದಿದ್ದು ಅಂತ ಇದ್ಯಾ ಅದ್ರಲ್ಲಿ?"

ಸಮಿತಿ ಎಂದಿದೆ, ಎಂದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ನೆಲದ ಮೇಲೆ ಹೆಜ್ಜೆಗಳು ಉಳಿದಿದ್ದವು. ಈ ಸಲ ಧೂಳಿನವು. ಗುಡಿಸಲು ಪೊರಕೆ ಹಿಡಿದವಳು ಸಂಜೆಯವರೆಗೂ ಗುಡಿಸಲಿಲ್ಲ.

ಮರುದಿನ ಅವಳ ಮನೆಗೆ ಹೋದೆ. ನಿಜ ಹೇಳಬೇಕೆಂದೇ ಹೋದೆ. ಅವಳ ತಾಯಿ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಹೋಗಿ ಬಹಳ ವರ್ಷವಾಯಿತು, ಕೈ ಮಾತ್ರ ಹೆಣೆಯುತ್ತಿತ್ತು. ಈಗ ಮಡಿಲಲ್ಲಿ ಏನೂ ಇಲ್ಲ. ಆದರೂ ಬೆರಳುಗಳು ಒಂದು ಎಳೆ ಎತ್ತಿ, ಒಂದು ಎಳೆ ಒತ್ತಿ, ಅಂಚು ತಿರುಗಿಸಿ, ಗಾಳಿಯಲ್ಲಿ ನಡೆಯುತ್ತಲೇ ಇದ್ದವು. "ಪ್ಲಾಸ್ಟಿಕ್ ಪಟ್ಟಿ ತಂದುಕೊಟ್ಟೆ ಟೀಚರ್, ಮುಟ್ಟಿ ನೋಡಿ ಬಿಸಾಕ್ತು. ಸತ್ತಿರೋದನ್ನ ಹೆಣೆಯಲ್ಲ ಅಂತು" ಎಂದಳು ಒದ್ದೆಕಾಲಿ. ಹೇಳಬೇಕಾದದ್ದನ್ನು ಹೇಳದೆ ಎದ್ದು ಬಂದೆ.

ಇಂಜಿನಿಯರನ್ನೂ ಕೇಳಿದೆ, ಅಲ್ಲಲ್ಲಿ ರಸ್ತೆ ಕತ್ತರಿಸಿ ಮೋರಿ ಕಟ್ಟಲಾಗದೇ ಎಂದು. "ಆ ಫೈಲು ಮುಚ್ಚಿ ಆಯ್ತು ಮೇಡಂ. ರಸ್ತೆ ಅಗೆಯೋಕೆ ಮಿಷನ್ ಸಿಗುತ್ತೆ, ಮುಚ್ಚಿದ ಫೈಲು ಅಗೆಯೋಕೆ ಯಾವ ಮಿಷನ್ನೂ ಇಲ್ಲ" ಎಂದರು. ಅಗೆದರೂ ಜೊಂಡು ಮರಳುವುದಿಲ್ಲ. ಒದ್ದೆಕಾಲಿಯ ತಾಯಿ ಹೇಳಿದಳು: ಬೇರು ಕೊಳೆತ ನೀರಿನಲ್ಲಿ ಮತ್ತೆ ಚಿಗುರು ಕಾಣಲು ಅವಳ ಮೊಮ್ಮಗಳು ಅಜ್ಜಿಯಾಗಬೇಕಂತೆ.

ಆದ್ದರಿಂದ, ತಂಗಿ, ನೀನು ಸತ್ಯ ಹೇಳಿದರೆ ಎಲ್ಲವೂ ಸರಿಹೋಗುತ್ತದೆಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಏನೂ ಸರಿಹೋಗುವುದಿಲ್ಲ. ನಿನ್ನ ಕೆಲಸ ಹೋಗಬಹುದು. ಬೀಗ ಹಾಕಿದ ಏಳು ಮನೆಯವರು ಎಲ್ಲಿದ್ದಾರೆಂದು ಹುಡುಕುವವರಿಲ್ಲ. ನಾನು ಕೇಳುವುದು ಇಷ್ಟೇ: ಟೈಪು ಮಾಡಿದ ಆ ಹೇಳಿಕೆಗೆ ರುಜು ಹಾಕಬೇಡ. ಚಾಪೆಯ ಕೆಳಗೆ ತೂರುವವರಿದ್ದರೆ ರಂಗೋಲಿಯ ಕೆಳಗೆ ತೂರುವವರಿರುತ್ತಾರೆಂದು ಗಾದೆ. ನಿನ್ನ ಕಚೇರಿಯವರು ಚಾಪೆಯವರನ್ನೇ ಕೆಳಗೆ ತೂರಿಸಿ ಮೇಲೆ ಕುಳಿತಿದ್ದಾರೆ. ಒಮ್ಮೆ ಅವರನ್ನು ‘ಇಲ್ಲ’ ಎಂದವಳು ನಾನು. ಎರಡನೆಯ ಸಲ ನೀನು ಹಾಗೆ ಹೇಳಬೇಡ. ತಿಳಿಯದ್ದನ್ನು ತಿಳಿಯದೆನ್ನಲು ನಾಚಿದ ಒಬ್ಬ ಮುದಿ ಟೀಚರಮ್ಮನ ತಪ್ಪು ಇದೆಂದು ಹೇಳು. ನನ್ನ ಹೆಸರು ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೋಮವಾರ ಆ ಹೇಳಿಕೆಯನ್ನು ನಿನ್ನ ಮುಂದೆ ಇಟ್ಟಾಗ, ಗೋಡೆಗೆ ಮುಖ ಮಾಡಿ ನಿಂತಿದ್ದ ಆ ದಿನವನ್ನು ನೆನೆ. ಅಂದು ನೀನು ಕೊಟ್ಟ ಉತ್ತರವೇ ಸರಿಯಾಗಿತ್ತು.

ಇಂತಿ,
ನಿನ್ನನ್ನು ತಿದ್ದುವುದೊಂದನ್ನೇ ಪ್ರೀತಿಯೆಂದು ತಿಳಿದಿದ್ದ
ಅಕ್ಕ

ಮತ್ತೊಂದು ಮಾತು: ಮೇಲಿನದೆಲ್ಲವನ್ನೂ ಶುದ್ಧಪ್ರತಿ ಮಾಡಿ ವಿಚಾರಣಾಧಿಕಾರಿಯ ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಇನ್ನು ಮುಂದಿನದು ನಿನ್ನ ಪ್ರತಿಯಲ್ಲಿ ಮಾತ್ರ ಇದೆ.

ನನಗೆ ಗೊತ್ತಿತ್ತು. ನಮೂನೆ ಕಳಿಸುವ ಹಿಂದಿನ ವಾರ ಒದ್ದೆಕಾಲಿ ನಾನು ಹೆಣೆದುಕೊಡಲು ಹೇಳಿದ್ದ ಚಾಪೆಯನ್ನು ತಂದುಕೊಟ್ಟಳು. ಈಗ ಅದರ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ಮೆಟ್ಟಿಲ ಮೇಲೆ ಕುಳಿತು ಹೇಳಿದಳು: "ಟೀಚರ್, ನಡುವೆ ಮಣ್ಣು ಹಾಕಿದ್ರೆ ನೀರು ಓಡಾಡಲ್ಲ. ನೀರು ಓಡಾಡದಿದ್ರೆ ಜೊಂಡು ಬದುಕಲ್ಲ. ನಾವು ಹನ್ನೊಂದು ಮನೆ. ಬರ್ಕೊಳ್ಳಿ." ಮನೆಗೆ ತಂದಿಟ್ಟುಕೊಂಡಿದ್ದ ನಮೂನೆಯಲ್ಲಿ, ಅವಳ ಎದುರಿಗೇ, ಹದಿನಾಲ್ಕರ ಮುಂದೆ ಪೆನ್ಸಿಲಿನಲ್ಲಿ ‘೧೧’ ಎಂದು ಬರೆದುಕೊಂಡೆ. ಅವಳು ನಿಶ್ಚಿಂತೆಯಿಂದ ಹೋದಳು. ಮೂರನೆಯ ದಿನ ರಬ್ಬರು ಹಿಡಿದು ಅಳಿಸಿದೆ. ಅಧ್ಯಕ್ಷರು ಚೇಷ್ಟೆ ಮಾಡಿದರು, ನಾನು ನಕ್ಕು ತಳ್ಳಿಹಾಕಿದೆ ಎಂದು ಬರೆದೆನಲ್ಲ, ಅದೂ ಸುಳ್ಳು. ರಸ್ತೆಯ ಬಾಯಲ್ಲಿ ನಿಂತಿರುವ ಕಲ್ಲಿನ ಮೇಲಿನ ನನ್ನ ಹೆಸರಿಗೆ ಅಕ್ಷರದ ಅಳತೆಯನ್ನು ನಾನೇ ಬರೆದುಕೊಟ್ಟಿದ್ದೆ.

ಆ ಹನ್ನೊಂದು ಮನೆಗಳು ಆಗ ಅಲ್ಲಿದ್ದವು ಎಂಬುದಕ್ಕೆ ಆ ಅಳಿಸಿದ ಅಂಕಿಯೊಂದೇ ಲಿಖಿತ ಸಾಕ್ಷಿ. ಮೂಲ ಹಾಳೆ ನಿನ್ನ ಕಡತದಲ್ಲಿದೆ. ಬೆಳಕಿಗೆ ಹಿಡಿದರೆ ನನ್ನ ವಾಕ್ಯದ ಅಡಿಯಲ್ಲಿ ಅದು ಈಗಲೂ ಕಾಣುತ್ತದೆ. ಅಂದು ನೀನು ಅದನ್ನು ಕಂಡೇ ಫೋನು ಮಾಡಿದ್ದೆಯೇನೋ ಎಂದು ಮೂರು ವರ್ಷದಿಂದ ಯೋಚಿಸುತ್ತಿದ್ದೇನೆ. ಇದನ್ನು ಆ ಇನ್ನೊಂದು ಲಕೋಟೆಗೆ ಸೇರಿಸಲು ಬೆಳಗಿನಿಂದ ನನ್ನ ಕೈ ಬರುತ್ತಿಲ್ಲ. ಆ ಹಾಳೆಯನ್ನು ಸೋಮವಾರ ಅವರ ಮುಂದಿಡಲು ನಿನಗಾದರೂ ಕೈ ಬರುತ್ತದೆಯೇ, ನನಗೆ ಗೊತ್ತಿಲ್ಲ.