ಒಂದೇ ಮೋಟಾರಿನ ತರಬೇತಿ ಕೇಂದ್ರ

ಮಾರ್ಚ್ 14, ಶುಕ್ರವಾರ

ಅಮ್ಮನಿಗೆ ನಿನ್ನ ದೊಡ್ಡ ಮಗಳ ನಮಸ್ಕಾರ.

ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದರೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಬರುತ್ತೀಯ. ಅದಕ್ಕೇ ಆ ವಿಷಯ ಬಿಡೋಣ. ತಂಗಿಯನ್ನೂ ನಾನು ಕಲಿತ ತರಬೇತಿ ಕೇಂದ್ರಕ್ಕೇ ಸೇರಿಸಲೇ ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಬೇಡಮ್ಮ, ಸೇರಿಸಬೇಡ. ಏಕೆಂದು ಬಾಯಿಬಿಟ್ಟು ಹೇಳಲಾಗದೆ ಬರೆಯುತ್ತಿದ್ದೇನೆ.

ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸುವುದು ನಮ್ಮ ಕಸುಬು. ಕಲಿಯುವವರು ಇಪ್ಪತ್ತಾರು ಮಂದಿ, ಮೋಟಾರು ಒಂದು. ನಾವು ಸುತ್ತಿದ್ದನ್ನು ಮುಂದಿನ ತಂಡ ಬಿಚ್ಚಿ, ಅದೇ ತಂತಿಯನ್ನು ಮತ್ತೆ ಸುತ್ತಬೇಕು. ಅದು ಓಡಿದ್ದನ್ನು ನಾವ್ಯಾರೂ ಕಂಡಿಲ್ಲ. ಕರೆಂಟು ಕೊಟ್ಟು ಸುಟ್ಟುಹೋದರೆ ಮುಂದಿನವರಿಗೆ ಏನು ಗತಿ? ಮೇಷ್ಟ್ರು ಒಳ್ಳೆಯವರೇ, ಇಲ್ಲದ್ದನ್ನು ಎಲ್ಲಿಂದ ತಂದಾರು. ತಂತಿ ಹಾಕುವ ಮೊದಲು ಮೋಟಾರಿನ ಒಳಗಿನ ಸಂದುಗಳಿಗೆ ದಪ್ಪ ಪೇಪರ್ ಹೊದಿಸಬೇಕು, ಇಲ್ಲದಿದ್ದರೆ ತಂತಿ ಕಬ್ಬಿಣಕ್ಕೆ ತಾಗಿ ಸುಡುತ್ತದೆ. ಆ ಪೇಪರ್ ಮುಗಿದು ಎಷ್ಟೋ ಕಾಲವಾಗಿತ್ತು. ‘ಪೇಪರ್ ಹಾಕಿದೀವಿ ಅಂದ್ಕೊಳ್ಳಿ, ಮುಂದಕ್ಕೆ ಹೋಗಿ’ ಎನ್ನುತ್ತಿದ್ದರು. ವಾರ್ನಿಷ್ ಬಳಿದಿದೀವಿ ಅಂದ್ಕೊಳ್ಳಿ. ಕರೆಂಟ್ ಕೊಟ್ವಿ, ಓಡ್ತು ಅಂದ್ಕೊಳ್ಳಿ. ನಾವು ಅಂದುಕೊಂಡೆವು. ಅಂದುಕೊಳ್ಳುವುದರಲ್ಲಿ ನನಗೇ ಮೊದಲ ಸ್ಥಾನ ಬಂತು. ಆ ಸರ್ಟಿಫಿಕೇಟನ್ನು ನೀನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರ ಮೂಗಿಗೆ ಹಿಡಿದು ತೋರಿಸಿದೆಯಂತೆ.

ಹೋದ ತಿಂಗಳು ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದಿದ್ದೆನಲ್ಲ, ಅದು ಸಿಕ್ಕಿರಲಿಲ್ಲ. ಒಂದು ಮೋಟಾರು ಕೊಟ್ಟು ನೋಡುತ್ತೇನೆ ಎಂದು ಯಜಮಾನರು ಹೇಳಿದ್ದರು, ಅಷ್ಟೇ. ಹಿಟ್ಟಿನ ಗಿರಣಿಯ ಮೋಟಾರು. ನಾನು ಸುತ್ತಿದ್ದನ್ನು ದೂರದಿಂದಲೇ ನೋಡಿ, ಜಡೆ ಹೆಣೆದ ಹಾಗಿದೆ ಎಂದರು. ನಾನು ಉಬ್ಬಿಹೋದೆ. ಗಿರಣಿಯವನು ಬಂದು ತಲೆಯ ಮೇಲೆ ನಿಂತಿದ್ದ, ಆ ಗಡಿಬಿಡಿಯಲ್ಲಿ ಪರೀಕ್ಷಿಸದೆ ಸ್ವಿಚ್ ಒತ್ತಿದರು. ಗುಂಯ್ ಎಂದಿತು, ಆಮೇಲೆ ಹೊಗೆ. ಬಿಚ್ಚಿ ನೋಡಿ, ‘ಪೇಪರ್ ಎಲ್ಲಮ್ಮಾ?’ ಎಂದು ಕೇಳಿದರು. ಪೇಪರಿನ ಕಟ್ಟು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಮರೆತದ್ದಲ್ಲಮ್ಮ. ಹಾಕಿದ್ದೇನೆ ಅಂದುಕೊಂಡು ನನ್ನ ಕೈ ತನ್ನ ಪಾಡಿಗೆ ಮುಂದಕ್ಕೆ ಹೋಗಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ‘ನಿಮ್ಮ ಸೆಂಟರಿಂದ ಬಂದೋರೆಲ್ಲ ಹೀಗೇ ಕಣಮ್ಮ. ಕಲಿತಿದ್ದನ್ನ ಮರೆಸಿ ಮೊದಲಿಂದ ಕಲಿಸೋಕೆ ನಂಗೆ ಪುರುಸೊತ್ತಿಲ್ಲ’ ಎಂದು ಟೀ ಕುಡಿಸಿ ಕಳಿಸಿದರು. ಆಮೇಲೆ ಹೋದ ಅಂಗಡಿಗಳಲ್ಲಿ ಕೇಂದ್ರದ ಹೆಸರು ಹೇಳುತ್ತಲೇ ಕೈ ಮುಗಿದರು.

ಎರಡು ವರ್ಷ ಒಂದು ದಿನವೂ ತಪ್ಪಿಸದೆ ಹೋದವಳು ನಾನು. ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ. ತಂಗಿ ನನಗಿಂತ ಚುರುಕು, ಮನೆಯ ಮಿಕ್ಸಿಯನ್ನು ತಾನೇ ಬಿಚ್ಚಿ ಜೋಡಿಸುವವಳು. ಏನೂ ಬಾರದ ಹುಡುಗಿಗೆ ಯಾರಾದರೂ ಒಂದು ಕೆಲಸ ಕಲಿಸಿಯಾರು. ಇಲ್ಲಿ ಕಲಿತವಳಿಗೆ ಯಾರೂ ಕಲಿಸುವುದಿಲ್ಲ. ಅವಳು ಊಟ ಬಿಟ್ಟು ಹಟ ಹಿಡಿದರೂ ಜಗ್ಗಬೇಡ. ಅಕ್ಕನಿಗೆ ಹೊಟ್ಟೆಕಿಚ್ಚು ಎಂದರೆ ಅನ್ನಲಿ ಬಿಡು.

ನಿನ್ನ ಕೈ ನೋವಿಗೆ ಮುಲಾಮು ಹಚ್ಚಿಕೋ.

ಇಂತಿ,
ನಿನ್ನ ದೊಡ್ಡವಳು

ತಾ.ಕ.: ಮೇಷ್ಟ್ರು ನಿವೃತ್ತರಾದರು. ಮೊದಲ ಸ್ಥಾನ ಬಂದವಳೆಂದು ಅವರ ಜಾಗಕ್ಕೆ ಕೇಂದ್ರದವರು ನನ್ನನ್ನು ಕರೆದರು, ಒಪ್ಪಿಕೊಂಡೆ. ಬೇರೇನು ಮಾಡಲಿ? ಸೋಮವಾರ ಹೊಸ ತಂಡ ಶುರುವಾಗಬೇಕು, ಇನ್ನೂ ಇಬ್ಬರು ಕಡಿಮೆ ಇದ್ದಾರೆ. ತಂಡ ತುಂಬದಿದ್ದರೆ ಈ ಕೆಲಸವೂ ಇಲ್ಲ. ಪಕ್ಕದ ಮನೆಯವರು ತಮ್ಮ ಮಗಳ ವಿಷಯ ಕೇಳಿದರೆ, ಒಳ್ಳೆಯ ಕೇಂದ್ರ, ಕಳಿಸಿ ಎಂದು ಹೇಳು.