ಎದುರು ಪಕ್ಷದ ಬಿಸಿನೀರು

ಪ್ರಿಯಂವದಾಳ ಅಪ್ಪನಿಗೆ,

ಇರ್ವಿಂಗ್ ಊರಿನ ನಮ್ಮ ಬೀದಿಯಲ್ಲಿ ಮನೆಮನೆಯ ಮುಂದೆ ಚುನಾವಣೆಯ ಬೋರ್ಡು ನೆಟ್ಟಿದ್ದಾರೆ. ನೀವು ಹೋದ ಮೇಲೂ ನಮ್ಮ ಹುಲ್ಲುಹಾಸು ಖಾಲಿಯೇ. "ಬಂದ ದೇಶದಲ್ಲಿ ರಾಜಕೀಯ ನಮಗ್ಯಾಕೆ?" ಎಂಬ ನಿಮ್ಮ ಮಾತನ್ನು ನಾನು ಮೀರಿಲ್ಲ. ಮಗಳು ಮೀರಿದಳು.

ಅವಳಿರುವ ಸ್ವೀಡನ್ನಿನಲ್ಲಿ ಸಂಸತ್ತಿನ ಚುನಾವಣೆ ಹತ್ತಿರ ಬಂದಿದೆ. ಅಲ್ಲಿ ಪಕ್ಷಗಳೆಲ್ಲ ಊರ ಚೌಕದಲ್ಲಿ ಸಾಲಾಗಿ ಪುಟ್ಟ ಮರದ ಮನೆ ಇಟ್ಟುಕೊಂಡು, ಬಂದವರಿಗೆ ಕಾಫಿ ಕೊಟ್ಟು ವೋಟು ಕೇಳುತ್ತವಂತೆ. ಇವತ್ತು ಬೆಳಿಗ್ಗೆ ಅವಳು ವೀಡಿಯೊ ಕಾಲ್ ಮಾಡಿದಳು. ಅವಳ ಬೆನ್ನ ಹಿಂದೆ, ವಲಸೆ ಬಂದವರು ವಾಪಸ್ ಹೋಗಲಿ ಎನ್ನುವ ಪಕ್ಷದ ಪೋಸ್ಟರ್!

"ಏನೇ ಇದು? ಇವರ ಕಡೆ ಸೇರ್ಕೊಂಡ್ಯಾ?"

"ಅಯ್ಯೋ ಅಮ್ಮಾ, ನೋ! ನಮ್ಮ ಪಕ್ಷದ ಕೆಟಲ್ ಕೆಟ್ಟೋಯ್ತು, ಪಕ್ಕದವರ ಹತ್ರ ಬಿಸಿನೀರು ಕೇಳೋಕೆ ಬಂದೆ. ಆಮೇಲೆ ಇವರ ಜೊತೆನೇ ಡಿಬೇಟ್ ಇದೆ. ಬಿಡಲ್ಲ ನಾನು!"

ಆ ಪಕ್ಷದ ಮುದುಕರೊಬ್ಬರು ಅವಳ ಫ್ಲಾಸ್ಕ್ ತುಂಬಿಸಿದರು. ನಗಲಿಲ್ಲ, ಆದರೆ ಮುಚ್ಚಳವನ್ನು ಭದ್ರವಾಗಿ ತಿರುಗಿಸಿ ಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು.

"ಅಪ್ಪ ಇದ್ದಿದ್ರೆ ಡಿಬೇಟ್ ನೋಡ್ತಿದ್ರಾ?" ಎಂದಳು.

ಅವಳು ರಾಜಕೀಯದ ಮಾತೆತ್ತಿದರೆ ಸಾಕು, ನೀವು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಿರಿ. ಡಿಬೇಟ್ ಶುರುವಾದಾಗ ಫೋನನ್ನು ನಿಮ್ಮ ಫೋಟೋದ ಎದುರಿಗೆ ಒರಗಿಸಿಟ್ಟೆ.

ಈ ಸಲ ನೀವು ಎದ್ದು ಹೋಗಲಿಲ್ಲ.

ಇಂದುಮತಿ